ಅಗಸಿಯ ಕಾವಲುಗಾರನನ್ನು ವಿಚಾರಿಸುವ ಬಗೆ

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿರುವ ಯಂಕಂಚಿಯ ಒಂದು ತುಂಬಿದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಗೆ ಬಂದಿರುವುದು ಒಂದೇ ಅಂತರಜಾಲದ ತಂತಿ. ಅದನ್ನು ಹಂಚಿಕೊಂಡು ಬಳಸುವವರು ಐದಾರು ಮಂದಿ. ಕಾಲೇಜಿನ ಪ್ರವೇಶಕ್ಕೆ ಅರ್ಜಿ ಸಲ್ಲಿಸಲು ಅಂದೇ ಕಡೆಯ ದಿನ. ತಮ್ಮನ ಮೊಬೈಲಿನಲ್ಲಿ ಸಿನಿಮಾ ನಿರಾತಂಕವಾಗಿ ಓಡುತ್ತಿದೆ. ಅಕ್ಕನ ಗಣಕಯಂತ್ರದಲ್ಲಿ ಮಾತ್ರ ಅರ್ಜಿಯ ಪುಟ ತೆರೆಯಲೊಲ್ಲದು. ಇಂತಹ ಹೊತ್ತಿನಲ್ಲಿ ಮೂರು ಸಲಹೆಗಳು ಹುಟ್ಟುವುದು ವಾಡಿಕೆ. ತಂತಿ ಎಳೆದವರನ್ನು ಬಯ್ಯುವುದು ಒಂದು. ರೌಟರಿನ ವಿದ್ಯುತ್ತನ್ನು ಆರಿಸಿ ಮತ್ತೆ ಹೊತ್ತಿಸುವುದು ಇನ್ನೊಂದು. ‘ಫೈರ್‌ವಾಲನ್ನೇ ತೆಗೆದುಹಾಕಿ ನೋಡೋಣ’ ಎಂಬುದು ಮೂರನೆಯದು. ಮೊದಲನೆಯದರಿಂದ ಪ್ರಯೋಜನವಿಲ್ಲ, ಎರಡನೆಯದರಿಂದ ಕೆಲವೊಮ್ಮೆ ಉಂಟು, ಮೂರನೆಯದರಿಂದ ಕೇಡಾಗುವ ಸಂಭವವೇ ಹೆಚ್ಚು. ದೋಷ ಎಲ್ಲಿದೆಯೆಂದು ಅರಿಯದೆ ಕಾವಲನ್ನು ಕೀಳಬಾರದೇಕೆ ಎಂಬುದು ತಿಳಿಯಬೇಕಾದರೆ, ಆ ಪುಟ್ಟ ಡಬ್ಬಿ ಮಾಡುವ ಕೆಲಸವನ್ನು ಮೊದಲು ನೋಡಬೇಕು.

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸಸಂಖ್ಯೆ ಬೇಕು. ಹಳೆಯ ಪದ್ಧತಿಯಲ್ಲಿ ಈ ಸಂಖ್ಯೆಗೆ ೩೨ ಬಿಟ್‌ಗಳಿರುವುದರಿಂದ ಒಟ್ಟು ೪,೨೯,೪೯,೬೭,೨೯೬ ವಿಳಾಸಗಳು ಮಾತ್ರ ಸಾಧ್ಯ. ಭೂಮಿಯ ಜನಸಂಖ್ಯೆಗೂ ಇವು ಸಾಲವು. ಜಗತ್ತಿನ ಕೇಂದ್ರ ಉಗ್ರಾಣದಲ್ಲಿದ್ದ ಕಡೆಯ ಕಟ್ಟುಗಳು ೨೦೧೧ರ ಫೆಬ್ರವರಿಯಲ್ಲಿಯೇ ಹಂಚಿಹೋದವು. ಈ ಬರವನ್ನು ಮುಂಚಿತವಾಗಿ ಕಂಡ ತಂತ್ರಜ್ಞರು ೧೯೯೪ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಮನೆಯೊಳಗಿನ ಯಂತ್ರಗಳಿಗೆ ಮನೆಯ ಮಟ್ಟಿಗೆ ಮಾತ್ರ ಸಲ್ಲುವ ಖಾಸಗಿ ಸಂಖ್ಯೆಗಳು. ಹೊರಜಗತ್ತಿಗೆ ಇಡೀ ಮನೆಗೆ ಒಂದೇ ಸಂಖ್ಯೆ. ೧೯೨.೧೬೮ ಎಂದು ಮೊದಲಾಗುವ, ನಮ್ಮ ಮನೆಗಳಲ್ಲಿ ದಿನನಿತ್ಯ ಕಾಣುವ ವಿಳಾಸಗಳು ಇಂತಹ ಖಾಸಗಿ ಸಂಖ್ಯೆಗಳೇ.

ನಮ್ಮ ಕಡೆಯ ಹಳೆಯ ವಾಡೆಗಳಿಗೆ ಒಂದೇ ಅಗಸಿ ಇರುವುದನ್ನು ನೋಡಿದ್ದೇವಷ್ಟೆ. ರೌಟರು ಆ ಅಗಸಿಯಲ್ಲಿ ಕುಳಿತ ವಾಲೀಕಾರನೆಂದು ತಿಳಿಯೋಣ. ಒಳಗಿನಿಂದ ಯಾರು ಪತ್ರ ಕಳುಹಿಸಿದರೂ ಆತನು ಅವರ ಹೆಸರನ್ನು ಅಳಿಸಿ ವಾಡೆಯ ಹೆಸರನ್ನು ಬರೆಯುತ್ತಾನೆ. ಜೊತೆಗೆ ಒಂದು ಗುರುತಿನ ಸಂಖ್ಯೆಯನ್ನು ಸೇರಿಸಿ, ‘ಈ ಗುರುತು ಇಂಥವರದು’ ಎಂದು ತನ್ನ ದಪ್ತರದಲ್ಲಿ ನಮೂದಿಸುತ್ತಾನೆ. ಪೋರ್ಟ್ ಎಂದು ಕರೆಯುವ ಈ ಗುರುತು ೬೫,೫೩೫ರವರೆಗೆ ಹೋಗಬಲ್ಲದು. ಉತ್ತರ ಬಂದಾಗ ದಪ್ತರವನ್ನು ನೋಡಿ ಒಳಗೆ ತಲುಪಿಸುತ್ತಾನೆ. ದಪ್ತರದಲ್ಲಿ ನಮೂದಿಲ್ಲದ ಪತ್ರ ಹೊರಗಿನಿಂದ ತಾನಾಗಿ ಬಂದರೆ? ಅದನ್ನು ಯಾರಿಗೆ ಕೊಡಬೇಕೆಂಬುದೇ ಅವನಿಗೆ ತಿಳಿಯದು; ಬಿಸಾಡುತ್ತಾನೆ. ಇದರ ಮೇಲೆ, ಕೇಳದೆ ಬಂದವರನ್ನು ಒಳಗೆ ಬಿಡಕೂಡದೆಂಬ ಸ್ಪಷ್ಟ ಕಟ್ಟಳೆಯನ್ನೂ ಹಾಕಿದರೆ ಅದೇ ಫೈರ್‌ವಾಲ್.

ಈ ಕಾವಲು ಒಣ ಆಡಂಬರವಲ್ಲ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಹೊರಗಿನಿಂದ ನೇರವಾಗಿ ಸಿಗುತ್ತಿದ್ದ ಮನೆಗಳ ಕ್ಯಾಮೆರಾಗಳನ್ನೂ ರೌಟರುಗಳನ್ನೂ ಹುಡುಕಿ, ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದಗಳನ್ನೇ ಒಂದೊಂದಾಗಿ ಪ್ರಯೋಗಿಸಿ ಒಳಹೊಕ್ಕಿತು. ಆ ವರ್ಷದ ಅಕ್ಟೋಬರ್ ೨೧ರಂದು ಹೀಗೆ ವಶವಾದ ಯಂತ್ರಗಳ ದಂಡು ಡಿನ್ ಎಂಬ ಸಂಸ್ಥೆಯ ಮೇಲೆ ಎರಗಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಅಮೆರಿಕದಲ್ಲಿ ಎಷ್ಟೋ ಜನರಿಗೆ ದೊರೆಯದಾದವು. ಯಂತ್ರಗಳ ಒಡೆಯರಿಗೆ ಮಾತ್ರ ಇದರ ಸುಳಿವೇ ಇರಲಿಲ್ಲ.

ಇನ್ನು ಶೋಧನೆಗೆ ಬರೋಣ. ಮೊಟ್ಟಮೊದಲು ತಮ್ಮನ ಮೊಬೈಲು ನಿಜವಾಗಿಯೂ ಮನೆಯ ತಂತಿಯನ್ನು ಬಳಸುತ್ತಿದೆಯೇ ಎಂದು ನೋಡತಕ್ಕದ್ದು. ಮನೆಯ ಸಂಪರ್ಕ ಕೆಟ್ಟರೆ ಮೊಬೈಲು ಸದ್ದಿಲ್ಲದೆ ತನ್ನ ಸಿಮ್ಮಿನ ಮೂಲಕ ಹೊರಗೆ ಹೋಗಿಬಿಡುತ್ತದೆ. ಸಿನಿಮಾ ಓಡುತ್ತಿರುವುದು ತಂತಿ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ!

ಬಳಿಕ ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆ ಹೋಗಬೇಕು. ಅಕ್ಕನ ಗಣಕಕ್ಕೆ ವಿಳಾಸ ದೊರೆತಿದೆಯೇ? ವಿಂಡೋಸ್ ಯಂತ್ರದ ಆಜ್ಞಾಕಿಟಕಿಯಲ್ಲಿ ‘ಐಪಿಕಾನ್‌ಫಿಗ್’ ಎಂಬ ಆಜ್ಞೆಯನ್ನು ಕೊಟ್ಟರೆ ಅದು ಕಾಣುತ್ತದೆ. ಸಂಖ್ಯೆ ೧೬೯.೨೫೪ ಎಂದು ಮೊದಲಾಗಿದ್ದರೆ, ವಿಳಾಸ ಹಂಚುವವನು ಉತ್ತರ ಕೊಡದೆ ಗಣಕವೇ ತನಗೊಂದು ಹೆಸರನ್ನು ಇಟ್ಟುಕೊಂಡಿದೆಯೆಂದು ಅರ್ಥ. ದೋಷ ಗಣಕಕ್ಕೂ ರೌಟರಿಗೂ ನಡುವೆ ಇದೆ. ವಿಳಾಸ ಸರಿಯಿದ್ದರೆ ಅಲ್ಲಿಯೇ ‘ಗೇಟ್‌ವೇ’ ಎಂದು ತೋರಿಸಿದ ಸಂಖ್ಯೆಯನ್ನು ಪಿಂಗ್ ಎಂಬ ಆಜ್ಞೆಯಿಂದ ಕೂಗಬೇಕು. ೧೯೮೩ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬಾತನು ಬರೆದ ಈ ಸಾಧನವು, ಸಮುದ್ರದಲ್ಲಿ ಸದ್ದು ಮಾಡಿ ಪ್ರತಿಧ್ವನಿಗೆ ಕಿವಿಗೊಡುವ ಸೋನಾರಿನಂತೆ, ಕೂಗಿ ಮಾರ್ದನಿಗೆ ಕಾಯುತ್ತದೆ. ಅಗಸಿ ಓಗೊಟ್ಟರೆ ಹೊರಗಿನ ೮.೮.೮.೮ ಎಂಬ ಸಂಖ್ಯೆಯನ್ನು ಕೂಗಿ ನೋಡಬೇಕು. ಅದೂ ಓಗೊಟ್ಟು, ಹೆಸರು ಬರೆದ ಪುಟಗಳು ಮಾತ್ರ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಯಾಗಿ ಮಾಡಿಕೊಡುವ ಡಿಎನ್ಎಸ್ ಸೇವೆಯಲ್ಲಿ ತೊಡಕಿದೆ. ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಪಿಂಗ್‌ಗೆ ಉತ್ತರ ಕೊಡಬಾರದೆಂದು ಕಟ್ಟಳೆ ಹಾಕಿಕೊಂಡ ಕಾವಲುಗಾರರು ಬಹಳ ಮಂದಿ. ಉತ್ತರ ಬಂದರೆ ದಾರಿ ಇದೆಯೆಂಬುದು ಖಚಿತ; ಬಾರದಿದ್ದರೆ ದಾರಿ ಇಲ್ಲವೆಂಬುದು ಖಚಿತವಲ್ಲ.

ಒಂದು ಯಂತ್ರಕ್ಕೆ ಸಂಪರ್ಕ ಸಿಕ್ಕಿ ಇನ್ನೊಂದಕ್ಕೆ ಸಿಗದಿರುವಾಗ ಮನೆಯಲ್ಲಿ ಎರಡು ಅಗಸಿಗಳಿವೆಯೇ ಎಂದು ನೋಡುವುದು ಲೇಸು. ಸೇವೆಯವರು ಕೊಟ್ಟ ಡಬ್ಬಿಯ ತರಂಗ ಹಿಂದಿನ ಕೋಣೆಗೆ ಮುಟ್ಟದೆಂದು ಪೇಟೆಯಿಂದ ಇನ್ನೊಂದು ರೌಟರನ್ನು ತಂದು ಜೋಡಿಸುವುದು ಈಗ ಸಾಮಾನ್ಯ. ಎರಡೂ ತಮ್ಮನ್ನು ೧೯೨.೧೬೮.೧.೧ ಎಂದೇ ಕರೆದುಕೊಂಡು, ಎರಡೂ ವಿಳಾಸ ಹಂಚತೊಡಗಿದರೆ, ಮೊದಲು ಯಾರ ಕೈಗೆ ಸಿಕ್ಕಿತೋ ಅದರ ಮೇಲೆ ಆ ಯಂತ್ರದ ಅದೃಷ್ಟ. ಪರಿಹಾರ ಸುಲಭ. ಎರಡನೆಯದಕ್ಕೆ ಬೇರೆ ಸಂಖ್ಯೆಯನ್ನು ಕೊಟ್ಟು, ಅದರ ವಿಳಾಸ ಹಂಚಿಕೆಯನ್ನು ನಿಲ್ಲಿಸಿ, ತಂತಿಯನ್ನು ‘ವ್ಯಾನ್’ ಎಂಬ ಕಿಂಡಿಯಿಂದ ಕಿತ್ತು ‘ಲ್ಯಾನ್’ ಕಿಂಡಿಗೆ ಸಿಕ್ಕಿಸಿದರೆ, ಅದು ಅಗಸಿಯ ಪದವಿಯನ್ನು ಬಿಟ್ಟು ಬರಿಯ ತರಂಗವಾಹಕವಾಗಿ ನಿಲ್ಲುತ್ತದೆ.

ಇನ್ನೊಂದು ದೋಷವು ಇದಕ್ಕಿಂತ ವಿಚಿತ್ರವಾದುದು. ಅರ್ಜಿಯ ಪುಟ ತೆರೆಯುತ್ತದೆ. ಭಾವಚಿತ್ರವನ್ನು ಏರಿಸಹೊರಟರೆ ಅಲ್ಲಿಗೇ ಸ್ತಬ್ಧ. ಮನೆಯೊಳಗಿನ ಜಾಲದಲ್ಲಿ ಒಂದು ಪೊಟ್ಟಣದ ಪರಮಾವಧಿ ೧೫೦೦ ಬೈಟು. ಹೊರತಂತಿಯಲ್ಲಿ ಪಿಪಿಪಿಓಇ ಎಂಬ ವ್ಯವಸ್ಥೆಯಿದ್ದರೆ ಅದರ ಹೊದಿಕೆಗೆ ೮ ಬೈಟು ಹೋಗಿ ಉಳಿಯುವುದು ೧೪೯೨. ದೊಡ್ಡ ಪೊಟ್ಟಣ ಬಂದಾಗ ಅಗಸಿಯು ‘ಇದು ಹಿಡಿಸದು, ಚಿಕ್ಕದು ಮಾಡಿ ಕಳುಹಿಸು’ ಎಂದು ಗಣಕಕ್ಕೆ ಸಂದೇಶ ಕೊಡುತ್ತದೆ. ಗಣಕದ ಸ್ವಂತ ಫೈರ್‌ವಾಲು ಅತ್ಯುತ್ಸಾಹದಿಂದ ಆ ಸಂದೇಶವನ್ನೂ ತಡೆದರೆ ಗಣಕವು ಹಿಡಿಸದ ಪೊಟ್ಟಣವನ್ನೇ ಮತ್ತೆ ಮತ್ತೆ ನೂಕುತ್ತಿರುತ್ತದೆ. ಪೊಟ್ಟಣವನ್ನು ಒಡೆಯಕೂಡದೆಂಬ ಸೂಚನೆಯೊಡನೆ ೧೪೬೪ ಬೈಟುಗಳ ಹೊರೆಯ ಪಿಂಗ್ ಕಳುಹಿಸಿದರೆ, ತಲೆಬರಹದ ೨೮ ಸೇರಿ ೧೪೯೨ ಆಗುತ್ತದೆ; ಇದು ದಾಟಿ ೧೪೭೨ರದು ನಿಂತರೆ ರೋಗ ಸಿಕ್ಕಿದಂತೆಯೇ. ಇಲ್ಲಿ ತಪ್ಪು ಕಾವಲುಗಾರನದೇ, ನಿಜ. ಆದರೆ ಬೇಕಾದುದು ಆ ಒಂದು ಬಗೆಯ ಸಂದೇಶಕ್ಕೆ ಅನುಮತಿ. ಅಥವಾ ಗಣಕದಲ್ಲಿಯೇ ಪರಮಾವಧಿಯನ್ನು ೧೪೯೨ಕ್ಕೆ ಇಳಿಸುವುದು. ಅದಕ್ಕಾಗಿ ಇಡೀ ಕಾವಲನ್ನು ಕೀಳುವುದು, ಕೀಲು ಕಿರುಗುಟ್ಟಿತೆಂದು ಬಾಗಿಲನ್ನೇ ಒಲೆಗೆ ಹಾಕಿದಂತೆ.

ಮನೆಯ ಕ್ಯಾಮೆರಾವನ್ನು ಹೊಲದಿಂದ ನೋಡಬೇಕೆನ್ನುವವರ ತೊಡಕು ಬೇರೆ. ಅವರು ರೌಟರಿನಲ್ಲಿ ಪೋರ್ಟನ್ನು ತೆರೆದರೂ ಏನೂ ಬಾರದು. ರೌಟರಿನ ಹೊರಮುಖದ ಸಂಖ್ಯೆ ೧೦೦.೬೪ರಿಂದ ೧೦೦.೧೨೭ರೊಳಗೆ ಇದ್ದರೆ, ೨೦೧೨ರಲ್ಲಿ ಇದಕ್ಕೆಂದೇ ಮೀಸಲಾದ ವಿಳಾಸಗಳನ್ನು ಬಳಸಿ ಸೇವೆಯವರು ಊರಿಗೆಲ್ಲ ಇನ್ನೊಂದು ದೊಡ್ಡ ಅಗಸಿಯನ್ನು ಕಟ್ಟಿದ್ದಾರೆಂದು ತಿಳಿಯಬೇಕು. ಅದರ ದಪ್ತರ ನಮ್ಮ ಕೈಯಲ್ಲಿಲ್ಲ. ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು.

ಈ ಅಗಸಿಗಳ ಸಾಲು ಐಪಿವಿ೬ ಎಂಬ ಹೊಸ ಪದ್ಧತಿಯಲ್ಲಿ ಬೇಕಾಗುವುದಿಲ್ಲ. ಅದರ ವಿಳಾಸಕ್ಕೆ ೧೨೮ ಬಿಟ್‌ಗಳು. ಪ್ರತಿಯೊಂದು ಮೊಬೈಲಿಗೂ ಜಗತ್ತಿನಲ್ಲೇ ಬೇರೆಯಾದ ಸ್ವಂತ ಸಂಖ್ಯೆ. ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಾಗಲೇ ಅದನ್ನು ತಲುಪಿದ್ದಾರೆ. ಅಲ್ಲಿ ಹೆಸರು ಬದಲಿಸುವ ವಾಲೀಕಾರನಿಲ್ಲ. ಆದುದರಿಂದ ದಪ್ತರದಿಂದ ತಾನಾಗಿ ದೊರೆಯುತ್ತಿದ್ದ ಮರೆಯೂ ಇಲ್ಲ. ಕೇಳದೆ ಬಂದವರನ್ನು ತಡೆಯುವ ಕೆಲಸವೆಲ್ಲ ಫೈರ್‌ವಾಲಿನದೇ. ಹೊಸ ರೌಟರು ಮನೆಗೆ ಬಂದಾಗ ಅದರ ಗುಪ್ತಪದವನ್ನು ಬದಲಿಸಿದ ಮೇಲೆ, ಐಪಿವಿ೬ರ ಪುಟದಲ್ಲಿ ಫೈರ್‌ವಾಲು ಹೊತ್ತಿದೆಯೇ ಎಂಬುದನ್ನೂ ಬೇರೆಯಾಗಿ ನೋಡತಕ್ಕದ್ದು.