ಔಷಧಿಯಿಂದಾದ ಭೇದಿಗೆ ಔಷಧಿ

ಕ್ಯಾನ್ಸರಿಗೆ ಕೀಮೋಥೆರಪಿ ಪಡೆದು ಮನೆಗೆ ಮರಳಿದವರಿಗೆ ಕೆಲವು ದಿನಗಳಲ್ಲಿ ಭೇದಿ ಹಿಡಿಯುವುದುಂಟು. ಮನೆಯವರ ಸಂಶಯ ಮೊದಲು ಹೋಗುವುದು ಊಟದ ಮೇಲೆ. ಮೊಸರು ಹುಳಿಯಾಗಿತ್ತೆ? ನೀರು ಕಾಯಿಸಿರಲಿಲ್ಲವೆ? ಆದರೆ ಅನೇಕ ವೇಳೆ ಕಾರಣ ಅಡಿಗೆಮನೆಯಲ್ಲಿರುವುದಿಲ್ಲ. ರೋಗಿಗೆ ಕೊಟ್ಟ ಔಷಧಿಯಲ್ಲೇ ಇರುತ್ತದೆ.

ಕೀಮೋಥೆರಪಿಯ ಬಹುಪಾಲು ಔಷಧಿಗಳು ಬೇಗಬೇಗನೆ ಇಮ್ಮಡಿಸುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರಿನ ಕೋಶಗಳು ಅಂಥವು. ನಮ್ಮ ಕರುಳಿನ ಒಳಪದರವೂ ಅಂಥದೇ. ಕೆಲವೇ ದಿನಗಳಿಗೊಮ್ಮೆ ಅದು ಹೊಸದಾಗುತ್ತಿರುತ್ತದೆ. ಔಷಧಿಗೆ ತನ್ನವರು ಪರರೆಂಬ ವಿವೇಚನೆಯಿಲ್ಲ. ನೀರನ್ನು ಹೀರಿಕೊಳ್ಳಬೇಕಾದ ಆ ಪದರ ಸವೆದುಹೋದರೆ, ನಾವು ಕುಡಿದದ್ದೂ ಕರುಳೇ ಸ್ರವಿಸಿದ್ದೂ ಹಾಗೆಯೇ ಹೊರಬೀಳುತ್ತವೆ.

ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟಿಕಾನಿನ ಸಂಗತಿ ಇನ್ನೂ ಸ್ವಾರಸ್ಯವಾದುದು. ಅದರ ಮೂಲವಸ್ತು ಕ್ಯಾಂಪ್ಟೊಥೆಸಿನ್. ಚೀನಾ ದೇಶದ ಒಂದು ಮರದಲ್ಲಿ ಅದಿರುವುದನ್ನು ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದರು. (ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲಿಯೂ ಇದೇ ವಸ್ತುವಿದೆ.) ಕೆಲಸ ಮುಗಿಸಿದ ಈ ವಿಷಕ್ಕೆ ಯಕೃತ್ತು ಸಕ್ಕರೆಯಂಥ ಒಂದು ಅಂಶವನ್ನು ಅಂಟಿಸಿ, ಹಲ್ಲು ಕಿತ್ತ ಹಾವಿನಂತೆ ಮಾಡಿ, ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಕರುಳಿನಲ್ಲಿ ಬಿಡಾರ ಮಾಡಿರುವ ಸೂಕ್ಷ್ಮಜೀವಿಗಳು ಆ ಅಂಶವನ್ನು ಕಿತ್ತುಬಿಡುತ್ತವೆ! ಹಾವಿಗೆ ಮತ್ತೆ ಹಲ್ಲು ಬಂದಂತಾಯಿತು. ಹೀಗಾಗಿ ಈ ಭೇದಿ ಒಂದು ದಿನ ಕಳೆದ ಬಳಿಕ, ರೋಗಿ ಮನೆಯಲ್ಲಿರುವಾಗ, ಆರಂಭವಾಗುತ್ತದೆ.

ಇದಕ್ಕೆ ಮೊದಲು ಕೊಡುವ ಮಾತ್ರೆ ಲೋಪೆರಮೈಡ್. 1969ರಲ್ಲಿ ಬೆಲ್ಜಿಯಂ ದೇಶದಲ್ಲಿ ತಯಾರಾದ ಇದು ಗುಣದಲ್ಲಿ ಅಫೀಮಿನ ನೆಂಟ. ಅಫೀಮು ಮಲವನ್ನು ಕಟ್ಟುತ್ತದೆಂಬುದು ಹಿಂದಿನವರಿಗೂ ತಿಳಿದಿತ್ತು. ಕರುಳಿನ ಗೋಡೆಯ ನರಜಾಲದಲ್ಲಿ ಅಂಥ ವಸ್ತುಗಳು ಬಂದು ಕೂರುವ ತಾಣಗಳಿವೆ. ಲೋಪೆರಮೈಡ್ ಅಲ್ಲಿ ಕೂತಾಗ ಕರುಳಿನ ಅಲೆಯಂಥ ನೂಕಾಟ ನಿಧಾನವಾಗುತ್ತದೆ. ಒಳಗಿರುವ ದ್ರವ ಹೆಚ್ಚು ಹೊತ್ತು ನಿಲ್ಲುತ್ತದೆ. ಅಳಿದುಳಿದ ಕೋಶಗಳಿಗೆ ನೀರನ್ನೂ ಲವಣವನ್ನೂ ಹೀರಲು ವೇಳೆ ಸಿಗುತ್ತದೆ. ಹೇಳಿದಷ್ಟೇ ತೆಗೆದುಕೊಂಡರೆ ಇದು ಮಿದುಳಿಗೆ ಹೋಗುವುದಿಲ್ಲ, ಆದ್ದರಿಂದ ಅಮಲೂ ಇಲ್ಲ. ಅಳತೆ ತೀರ ಮೀರಿದರೆ ಮಾತ್ರ ಹೃದಯದ ಬಡಿತ ಕೆಡುವ ಅಪಾಯವುಂಟು.

ಸಾಮಾನ್ಯವಾಗಿ ಮೊದಲು 4 ಮಿಲಿಗ್ರಾಂ, ಅನಂತರ 2 ಮಿಲಿಗ್ರಾಮಿನಂತೆ ಕೊಡುತ್ತಾರೆ. ಇರಿನೊಟಿಕಾನ್ ಪಡೆದವರಿಗೆ ಎರಡು ಗಂಟೆಗೊಮ್ಮೆ, ಭೇದಿ ನಿಂತು 12 ಗಂಟೆ ಕಳೆಯುವವರೆಗೆ ಎಂದು ಬರೆದುಕೊಡುವುದುಂಟು. ಡಬ್ಬಿಯ ಮೇಲಿನ ಸೂಚನೆಗಿಂತ ಇದು ಹೆಚ್ಚು. ಆದುದರಿಂದ ನಿಮ್ಮ ವೈದ್ಯರ ಚೀಟಿಯಿಲ್ಲದೆ ಈ ಲೆಕ್ಕ ಹಿಡಿಯಬೇಡಿ.

ಮಾತ್ರೆ ಕರುಳಿನ ಗಾಯವನ್ನು ಮಾಯಿಸುವುದಿಲ್ಲ, ಕಳೆದ ನೀರನ್ನು ತುಂಬುವುದೂ ಇಲ್ಲ. ಓ.ಆರ್.ಎಸ್. ದ್ರಾವಣ, ಉಪ್ಪು ಹಾಕಿದ ತಿಳಿಗಂಜಿ ಗುಟುಕುಗುಟುಕಾಗಿ ಹೋಗುತ್ತಿರಲಿ. ಹಾಲು ಕೆಲವು ದಿನ ಬೇಡ. ಇನ್ನು ಜ್ವರವೋ ಮಲದಲ್ಲಿ ರಕ್ತವೋ ಕಂಡರೆ ಮನೆಯಲ್ಲಿ ಮಾತ್ರೆ ಎಣಿಸುತ್ತ ಕೂರಬೇಡಿ. ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಇಳಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಕರುಳನ್ನು ಕಟ್ಟಿಹಾಕಿದರೆ ಆ ಸೋಂಕು ಒಳಗೇ ಉಳಿಯುತ್ತದೆ. ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ದಿನವಾದರೂ ಭೇದಿ ನಿಲ್ಲದಿದ್ದರೆ ಆಗಲೂ ಅಷ್ಟೆ. ಅಲ್ಲಿ ರಕ್ತನಾಳದ ಮೂಲಕ ನೀರು ಲವಣ ಕೊಡುತ್ತಾರೆ. ಕರುಳಿನ ಸ್ರಾವವನ್ನೇ ತಗ್ಗಿಸುವ ಆಕ್ಟ್ರಿಯೊಟೈಡ್ ಎಂಬ ಚುಚ್ಚುಮದ್ದೂ ಅವರ ಬಳಿ ಇರುತ್ತದೆ.