ಪೆನ್ನು, ಕೀಬೋರ್ಡ್ ಇರುವ ಅಗ್ಗದ ಟ್ಯಾಬ್ ಬರುತ್ತಿದೆಯೇ? ‘ಮೊದಲ ನೋಟ’ ನಂಬಿ ದುಡ್ಡು ಕೊಡುವ ಮುನ್ನ ಇಷ್ಟು ತಿಳಿದಿರಲಿ

ಕಾಲೇಜು ಶುರುವಾಗುವ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ತಪ್ಪದೆ ಓಡಾಡುತ್ತದೆ. ಹೊಸ ಟ್ಯಾಬ್ಲೆಟ್ ಬರಲಿದೆ, ಕೀಬೋರ್ಡ್ ಬೇಕೆಂದಾಗ ಜೋಡಿಸಬಹುದು, ಬೇಡವೆಂದಾಗ ಕಳಚಿಡಬಹುದು, ಪೆನ್ನಿನಿಂದ ನೋಟ್ಸ್ ಬರೆಯಬಹುದು, ಬೆಲೆಯೂ ಕಡಿಮೆ. ಜೊತೆಗೊಂದು ‘ಮೊದಲ ನೋಟ’ದ ವಿಡಿಯೊ. ಕೆಳಗೆ ಯಾರೋ ಬರೆದಿರುತ್ತಾರೆ: “ಇದ್ ತಗೊಂಡ್ರ ಲ್ಯಾಪ್‌ಟಾಪ್ ಬ್ಯಾಡೇ ಬ್ಯಾಡ.”

ಇದು ನಿಜವೇ? ಚಿಕ್ಕ ಉತ್ತರ: ಕೆಲವರಿಗೆ ನಿಜ, ಎಲ್ಲರಿಗೂ ಅಲ್ಲ. ನಿಮಗೆ ನಿಜವೋ ಅಲ್ಲವೋ ಎಂಬುದು ಆ ವಿಡಿಯೊದಲ್ಲಿ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನವಲಗುಂದದಂಥ ಊರಿನಲ್ಲಿ ಹೆಸರು, ಈರುಳ್ಳಿ ಮಾರಿದ ದುಡ್ಡಿನಲ್ಲಿ ಮಗಳಿಗೆ ಟ್ಯಾಬ್ ಕೊಡಿಸುವ ಮನೆಗೆ ಈ ವ್ಯತ್ಯಾಸ ದೊಡ್ಡದು. ತಪ್ಪಾದರೆ ಇನ್ನೊಂದು ಕೊಡಿಸಲು ಮುಂದಿನ ಪೀಕಿನವರೆಗೆ ಕಾಯಬೇಕಾಗುತ್ತದೆ.

‘ಮೊದಲ ನೋಟ’ ಎಂದರೇನು?

ಮಾರುಕಟ್ಟೆಗೆ ಬರುವ ಮುನ್ನ ಕಂಪನಿಗಳು ಪತ್ರಕರ್ತರಿಗೆ, ಯೂಟ್ಯೂಬರ್‌ಗಳಿಗೆ ಹೊಸ ಸಾಧನವನ್ನು ಸ್ವಲ್ಪ ಹೊತ್ತು ಕೈಗೆ ಕೊಡುತ್ತವೆ. ಅದರ ತಂತ್ರಾಂಶ ಕೆಲವೊಮ್ಮೆ ಇನ್ನೂ ಅಂತಿಮವಾಗಿರುವುದಿಲ್ಲ. ಅಷ್ಟು ಹೊತ್ತಿನಲ್ಲಿ ಪರದೆ ಹೇಗಿದೆ, ತೂಕ ಎಷ್ಟು, ಕೀಬೋರ್ಡ್ ಗಟ್ಟಿಯಾಗಿ ಕೂರುತ್ತದೆಯೇ ಎಂಬುದನ್ನು ಹೇಳಬಹುದು. ಆರು ತಿಂಗಳ ಮೇಲೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ, ಕೆಟ್ಟರೆ ಎಲ್ಲಿ ರಿಪೇರಿ ಎಂಬುದು ಮುಟ್ಟಿ ನೋಡಿ ತಿಳಿಯುವಂಥದ್ದಲ್ಲ. ಹೇಳುವವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ, ಅವರಿಗೆ ಅದು ಇನ್ನೂ ಗೊತ್ತಿರುವುದಿಲ್ಲ.

ಹಿಂದೆ ಏನಾಗಿತ್ತು?

ಪೆನ್ನಿನಿಂದ ನಡೆಯುವ ಅಗ್ಗದ ಸಾಧನದ ಸುದ್ದಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಜಗತ್ತಿನ ಗಮನ ಸೆಳೆದಿತ್ತು. ಅಂಗೈಯಗಲದ ಪರದೆಯ ಮೇಲೆ ಪೆನ್ನಿನಿಂದ ಬರೆಯಬಹುದಿತ್ತು. ಓದಲು ಬಾರದವರಿಗಾಗಿ ಕನ್ನಡವನ್ನೂ ಗಟ್ಟಿಯಾಗಿ ಓದುವ ತಂತ್ರಾಂಶ ಅದಕ್ಕಾಗಿ ತಯಾರಾಗಿತ್ತು. ಸುಮಾರು 9,000 ರೂಪಾಯಿಗೆ ಸಿಗುತ್ತದೆ ಎಂದು ಆಗ ಹೇಳಲಾಗಿತ್ತು.

ಬೆಂಗಳೂರಿನ ಬಿಇಎಲ್ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂದದ್ದು 2004ರ ಏಪ್ರಿಲ್‌ನಲ್ಲಿ. ಕಪ್ಪು-ಬಿಳುಪು ಪರದೆಯ ಮಾದರಿಗೆ ಸುಮಾರು 10 ಸಾವಿರ, ಬಣ್ಣದ ಪರದೆಯದಕ್ಕೆ ಸುಮಾರು 20 ಸಾವಿರ ರೂಪಾಯಿ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಹಳ್ಳಿ ಸೇರತೊಡಗಿತ್ತು. ಸಿಂಪ್ಯೂಟರ್ ಒಳ್ಳೆಯ ಯೋಚನೆಯಾಗಿತ್ತು, ಆದರೆ ಹಳ್ಳಿಯ ಮನೆಮನೆಗೆ ಬರಲಿಲ್ಲ.

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ ಸಹ ಹಾಗೆಯೇ. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂಬ ಸುದ್ದಿ ಊರೂರಿಗೆ ಮುಟ್ಟಿತು. ಕೈಗೆ ಬಂದಾಗ ಅದರ ಪ್ರೊಸೆಸರ್ 366 ಮೆಗಾಹರ್ಟ್ಸ್‌ನದು, ಪರದೆ ಬೆರಳಿನಿಂದ ಒತ್ತಿದರೆ ಮಾತ್ರ ಕೇಳುವಂಥದ್ದು. ಮುಂದಿನ ವರ್ಷವೇ ಎರಡನ್ನೂ ಬದಲಿಸಿ ‘ಆಕಾಶ್ 2’ ತರಬೇಕಾಯಿತು.

ಯಾವ ಪೆನ್ನಾದರೂ ನಡೆಯುತ್ತದೆಯೇ?

ಇಲ್ಲ. ಅಗ್ಗದ ಟ್ಯಾಬ್ ಕೊಳ್ಳುವವರು ಹೆಚ್ಚು ಮೋಸಹೋಗುವುದು ಇಲ್ಲೇ. ‘ಸ್ಟೈಲಸ್ ಸಪೋರ್ಟ್’ ಎಂಬ ಒಂದೇ ಮಾತಿನ ಹಿಂದೆ ಮೂರು ಬಗೆಯ ಪೆನ್ನುಗಳಿವೆ.

1. ರಬ್ಬರ್ ತುದಿಯ ಪೆನ್ನು. ಇದು ಬೆರಳಿನ ಬದಲಿ, ಅಷ್ಟೇ. ಇಂದಿನ ಟಚ್ ಪರದೆ ನಮ್ಮ ಬೆರಳು ಸೆಳೆಯುವ ಅತಿ ಸಣ್ಣ ವಿದ್ಯುತ್ತನ್ನು ಗುರುತಿಸುತ್ತದೆ, ಈ ಪೆನ್ನೂ ಅದನ್ನೇ ಮಾಡುತ್ತದೆ. ಯಾವ ಫೋನಿನ ಮೇಲೂ ನಡೆಯುತ್ತದೆ, ಆದರೆ ಗೆರೆ ದಪ್ಪ. ಅಂಗೈ ತಗುಲಿದರೆ ಅದೂ ಗೆರೆಯಾಗುತ್ತದೆ.

2. ಬ್ಯಾಟರಿ ಇರುವ ಪೆನ್ನು. ತುದಿಯಿಂದ ಸಂಕೇತ ಕಳಿಸುತ್ತದೆ. ಅದನ್ನು ಗುರುತಿಸುವ ವ್ಯವಸ್ಥೆ ಟ್ಯಾಬ್‌ನೊಳಗೇ ಇರಬೇಕು. ಪೆನ್ನು ಮತ್ತು ಪರದೆ ಒಂದೇ ‘ಭಾಷೆ’ ಆಡದಿದ್ದರೆ ಸಾವಿರಾರು ರೂಪಾಯಿಯ ಪೆನ್ನೂ ಕಡ್ಡಿಗೆ ಸಮ.

3. ಬ್ಯಾಟರಿ ಬೇಡದ ಪೆನ್ನು. ಪರದೆಯ ಕೆಳಗಿನ ವಿಶೇಷ ಪದರದಿಂದಲೇ ಶಕ್ತಿ ಪಡೆಯುತ್ತದೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಬಗೆಯದು. ಆ ಪದರ ಇಲ್ಲದ ಟ್ಯಾಬ್‌ನಲ್ಲಿ ಇದು ಬರೆಯುವುದಿಲ್ಲ.

‘4096 ಒತ್ತಡ ಹಂತಗಳು’ ಎಂಬ ಅಂಕಿ ಚಿತ್ರ ಬಿಡಿಸುವವರಿಗೆ ಉಪಯೋಗ. ನೋಟ್ಸ್ ಬರೆಯುವವರು ನೋಡಬೇಕಾದದ್ದು ಬೇರೆ. ಅಂಗೈ ಊರಿದಾಗ ಗೆರೆ ಬೀಳುತ್ತದೆಯೇ? ಪೆನ್ನು ಓಡಿದ ಎಷ್ಟು ಹೊತ್ತಿಗೆ ಅಕ್ಷರ ಮೂಡುತ್ತದೆ? ತುದಿಗೂ ಗೆರೆಗೂ ನಡುವೆ ಸಂದು ಕಾಣುತ್ತದೆಯೇ? ಗಾಜು ಮತ್ತು ಪರದೆಯ ನಡುವೆ ಗಾಳಿಯ ಪದರ ಉಳಿದಿದ್ದರೆ ಈ ಸಂದು ಕಾಣುತ್ತದೆ. ಅಗ್ಗದ ಟ್ಯಾಬ್‌ಗಳಲ್ಲಿ ಇದು ಸಾಮಾನ್ಯ.

ಕೈಬರಹವನ್ನು ಟೈಪ್ ಅಕ್ಷರವಾಗಿ ಬದಲಿಸುವ ಸೌಲಭ್ಯ ಇದೆ ಎಂದರೆ ಇಂಗ್ಲಿಷ್‌ನಲ್ಲಿ ನೋಡಿ ಬಿಡಬೇಡಿ. ‘ಸೂರ್ಯ’, ‘ರಾಷ್ಟ್ರ’ ಎಂದು ಬರೆದು ನೋಡಿ. ಅರ್ಕಾವತ್ತನ್ನು ನಾವು ಉಚ್ಚರಿಸುವುದು ಅಕ್ಷರಕ್ಕೆ ಮೊದಲು, ಬರೆಯುವುದು ಆಮೇಲೆ. ಒತ್ತಕ್ಷರಗಳನ್ನು ಗುರುತಿಸಿದರೆ ಮಾತ್ರ ಕನ್ನಡದ ನೋಟ್ಸ್‌ಗೆ ಅದು ಬಳಕೆಗೆ ಬರುತ್ತದೆ.

ಲ್ಯಾಪ್‌ಟಾಪ್ ಬದಲಿಗೆ ಸಾಕೇ?

ಪಾಠದ ವಿಡಿಯೊ ನೋಡಲು, ಪಿಡಿಎಫ್ ಓದಲು, ಗಣಿತ ಬಿಡಿಸಲು, ಚಿಕ್ಕ ಟೈಪಿಂಗ್‌ಗೆ ಸಾಕು. ಟೈಪಿಂಗ್ ಪರೀಕ್ಷೆಗೆ ತಯಾರಾಗುವವರು ಮಾತ್ರ ಎಚ್ಚರ ವಹಿಸಬೇಕು. ಕಂಪ್ಯೂಟರ್ ತರಗತಿಗಳಲ್ಲಿ, ಕಚೇರಿಗಳಲ್ಲಿ ಬಳಸುವ ‘ನುಡಿ’ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಆಂಡ್ರಾಯ್ಡ್ ಟ್ಯಾಬ್‌ಗೆ ಕೀಬೋರ್ಡ್ ಜೋಡಿಸಿದ ಮಾತ್ರಕ್ಕೆ ಅದು ವಿಂಡೋಸ್ ಕಂಪ್ಯೂಟರ್ ಆಗುವುದಿಲ್ಲ. ಟ್ಯಾಲಿಯಂಥ ತಂತ್ರಾಂಶಕ್ಕೂ ಇದೇ ಮಾತು.

ಕೂರುವ ರೀತಿಯೂ ಮುಖ್ಯ. ಕಳಚುವ ಕೀಬೋರ್ಡಿನ ಟ್ಯಾಬ್ ಸಾಮಾನ್ಯವಾಗಿ ಬೆನ್ನಿನ ಊರುಗೋಲಿನ ಮೇಲೆ ನಿಲ್ಲುತ್ತದೆ, ಅದಕ್ಕೆ ಗಟ್ಟಿ, ಸಮತಟ್ಟಾದ ಜಾಗ ಬೇಕು. ನವಲಗುಂದದ ಜಮಖಾನದ ಮೇಲೆ ಗೋಡೆಗೆ ಒರಗಿ, ತೊಡೆಯ ಮೇಲಿಟ್ಟು ಬರೆಯುವವರಿಗೆ ಅದು ಹಿಂದಕ್ಕೆ ವಾಲುತ್ತಲೇ ಇರುತ್ತದೆ. ಅಡ್ಡ ಮಣೆಯೊಂದು ಬೇಕೇ ಬೇಕು.

ಹೇಳಿದ ಬೆಲೆ, ಕೊಡುವ ಬೆಲೆ

ಚಿತ್ರದಲ್ಲಿ ಕಂಡದ್ದೆಲ್ಲ ಡಬ್ಬಿಯಲ್ಲಿ ಇರುವುದಿಲ್ಲ. 2020ರ ಜನವರಿಯಲ್ಲಿ ಲೆನೊವೊ ತನ್ನ ‘ಡ್ಯುಯೆಟ್’ ಕ್ರೋಮ್‌ಬುಕ್ ಅನ್ನು 279 ಡಾಲರ್‌ಗೆ ಘೋಷಿಸಿತು. ಕೀಬೋರ್ಡ್ ಡಬ್ಬಿಯಲ್ಲೇ ಇತ್ತು, ಆದರೆ ಪೆನ್ನಿಗೆ ಬೇರೆ ದುಡ್ಡು. ಇನ್ನು ಕೆಲವು ಟ್ಯಾಬ್‌ಗಳಲ್ಲಿ ಪೆನ್ನು ಜೊತೆಗೆ ಬರುತ್ತದೆ, ಕೀಬೋರ್ಡಿಗೆ ಬೇರೆ ಕೊಡಬೇಕು. ಆದ್ದರಿಂದ ಟ್ಯಾಬ್, ಕೀಬೋರ್ಡ್, ಪೆನ್ನು, ಕವರ್ ಎಲ್ಲ ಕೂಡಿಸಿಯೇ ಲೆಕ್ಕ ಹಾಕಿ. ಆ ಮೊತ್ತಕ್ಕೆ ಒಳ್ಳೆಯ ಲ್ಯಾಪ್‌ಟಾಪ್ ಸಿಗುತ್ತದೆಯೇ ಎಂದೂ ನೋಡಿ.

‘4+4 ಜಿಬಿ ರ‍್ಯಾಮ್’ ಎಂದರೆ 8 ಜಿಬಿ ಅಲ್ಲ. ಎರಡನೆಯ 4 ಜಿಬಿ ಸ್ಟೋರೇಜ್‌ನಿಂದ ಎರವಲು ಪಡೆದದ್ದು, ನಿಜವಾದ ರ‍್ಯಾಮ್‌ನಷ್ಟು ವೇಗ ಅದಕ್ಕಿಲ್ಲ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದೆಯೋ ಬೆಂಗಳೂರಿನಲ್ಲೋ ಎಂದೂ ಕೇಳಿ. ಹುಬ್ಬಳ್ಳಿಗೆ ಹೋಗಿ ಬಂದರೂ ಒಂದು ದಿನದ ಕೂಲಿ ಹೋಗುತ್ತದೆ.

‘ಉಚಿತ ಟ್ಯಾಬ್’ ಲಿಂಕ್ ಬಂದರೆ?

2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿದ್ದು ನಿಜ. ಅದು ಸಿಕ್ಕದ್ದು ಕಾಲೇಜುಗಳ ಮೂಲಕ, ವಾಟ್ಸ್ಆ್ಯಪ್ ಲಿಂಕ್ ಮೂಲಕ ಅಲ್ಲ. ‘ಉಚಿತ ಲ್ಯಾಪ್‌ಟಾಪ್’ ಸಂದೇಶಗಳು ಸುಳ್ಳು ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಲವು ಬಾರಿ ಹೇಳಿದೆ. ಹತ್ತು ಗುಂಪಿಗೆ ಕಳಿಸಿ ಎಂದರೆ, ಆಧಾರ್ ಅಥವಾ ಒಟಿಪಿ ಕೇಳಿದರೆ, ‘ನೋಂದಣಿ ಶುಲ್ಕ’ ಎಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

ಬರಲಿರುವ ಟ್ಯಾಬ್ ಒಳ್ಳೆಯದೇ ಇರಬಹುದು. ಆದರೆ ‘ಮೊದಲ ನೋಟ’ ನೋಡಿ ಮುಂಗಡ ಕೊಡಬೇಡಿ. ಮಾರಾಟ ಶುರುವಾಗಿ ಒಂದೆರಡು ತಿಂಗಳು ಬಳಸಿದವರ ಮಾತು ಬರುವವರೆಗೆ ಕಾಯಿರಿ. ಅಂಗಡಿಯಲ್ಲಿ ಆ ಟ್ಯಾಬ್‌ನದೇ ಪೆನ್ನು ಕೇಳಿ ಪಡೆದು, ಅಂಗೈ ಊರಿ, ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ. ಗುಂಪಿಗೆ ಫಾರ್ವರ್ಡ್ ಮಾಡುವುದಿದ್ದರೆ ಪೆನ್ನು ಯಾವ ಬಗೆಯದು, ಡಬ್ಬಿಯಲ್ಲಿ ಏನೇನಿದೆ ಎಂಬ ಎರಡು ಸಾಲನ್ನೂ ಸೇರಿಸಿ ಕಳಿಸಿ.