ಗೋಡೆಗಿಂತ ಹೆಚ್ಚು ಬಾಳಿದ ಕಾಗದ

ಇಂಗ್ಲೆಂಡಿನ ದಕ್ಷಿಣದ ಸಸೆಕ್ಸ್ ಸೀಮೆಯಲ್ಲಿ ಹರ್ಸ್ಟ್‌ಮನ್ಸೂ ಎಂಬ ಕೋಟೆಯಿದೆ. ಸರ್ ರೋಜರ್ ಫೈನ್ಸ್ 1441ರಲ್ಲಿ ಕಟ್ಟಿಸಲು ತೊಡಗಿದ ಈ ಕೋಟೆ ಕಲ್ಲಿನದಲ್ಲ, ಇಟ್ಟಿಗೆಯದು, ಸುತ್ತ ಕಂದಕ. 1777ರಲ್ಲಿ ಅದರ ಒಡೆಯರೇ ಒಳಗಿನ ಕಟ್ಟಡಗಳನ್ನು ಕೆಡವಿಸಿ, ಸಾಮಗ್ರಿಯನ್ನು ಹತ್ತಿರದ ಇನ್ನೊಂದು ಮನೆಯ ಕೆಲಸಕ್ಕೆ ಬಳಸಿಕೊಂಡರು. ಹೊರಗೋಡೆ ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಇಂದು ಪ್ರವಾಸಿಗರು ನೋಡುವುದರಲ್ಲಿ ಬಹುಪಾಲು 20ನೇ ಶತಮಾನದ ಮೊದಲರ್ಧದಲ್ಲಿ ಮತ್ತೆ ಎಬ್ಬಿಸಿದ್ದು. ಆದರೆ ಕೆಡವುವುದಕ್ಕೆ 40 ವರ್ಷ ಮೊದಲು, 1737ರಲ್ಲಿ, ಸ್ಯಾಮ್ಯುಯೆಲ್ ಮತ್ತು ನಥಾನಿಯಲ್ ಬಕ್ ಎಂಬ ಅಣ್ಣತಮ್ಮಂದಿರು ಆ ಕೋಟೆಯ ಚಿತ್ರವನ್ನು ತಾಮ್ರದ ತಗಡಿಗೆ ಇಳಿಸಿ ಅಚ್ಚು ಹಾಕಿದ್ದರು. ಇಂಥ ಹಾಳೆಗಳನ್ನು ಹುಡುಕಿ ಕೂಡಿಡುವವರು ಬೈಠಕ್‌ಖಾನೆಗೆ ಚೆಂದದ ಚಿತ್ರ ಅರಸುವವರು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ನನಗದು ಒಪ್ಪಿಗೆಯಿಲ್ಲ. ಕೋಟೆಯ ಹಳೆಯ ಅಚ್ಚುಚಿತ್ರ ಮೊದಲು ದಾಖಲೆ, ಆಮೇಲೆ ಅಲಂಕಾರ. ಹಾಗೆಂದು ತಿಳಿದು ಮಾಡಿದ ಸಂಗ್ರಹಕ್ಕೇ ನಿಜವಾದ ತೂಕ.

ಬಕ್ ಸಹೋದರರ ಕೆಲಸವನ್ನೇ ನೋಡಿ. 1640ರ ದಶಕದ ಅಂತರ್ಯುದ್ಧದಲ್ಲಿ ರಾಜನ ಪಕ್ಷದವರು ಮತ್ತೆ ಸೇರಿಕೊಳ್ಳದಂತೆ ಸಂಸತ್ತಿನ ಪಡೆ ಹಲವು ಕೋಟೆಗಳನ್ನು ಒಡೆದುಹಾಕಿತ್ತು. ಡಾರ್ಸೆಟ್‌ನ ಕಾರ್ಫ್ ಕೋಟೆ 1646ರಲ್ಲಿ ಬಿದ್ದದ್ದು ಹೀಗೆ. ಅಳಿದುಳಿದದ್ದನ್ನು ಸುತ್ತಲಿನವರು ಕಲ್ಲಿಗಾಗಿ ಕಿತ್ತುಕೊಂಡು ಹೋಗುತ್ತಿದ್ದರು. ಅಂಥ ಕಾಲದಲ್ಲಿ, 1726ರಿಂದ 1742ರವರೆಗೆ, ಬೇಸಿಗೆಯಲ್ಲಿ ಊರೂರು ಅಲೆದು ಚಿತ್ರ ಬರೆದು, ಚಳಿಗಾಲದಲ್ಲಿ ತಗಡು ಕೊರೆದು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೋಟೆ, ಮಠಗಳ 428 ನೋಟಗಳನ್ನು ಅವರು ಹೊರತಂದರು. ಖರ್ಚಿಗೆ ಚಂದಾದಾರರ ಹಣ. ಒಂದು ಹಾಳೆಯನ್ನು ಕೈಗೆತ್ತಿಕೊಂಡರೆ ಚಿತ್ರದ ಸುತ್ತ ಬೆರಳಿಗೆ ತಾಗುವ ಒಂದು ತಗ್ಗು ಗೆರೆ ಸಿಗುತ್ತದೆ. ನೆನೆಸಿದ ಕಾಗದವನ್ನು ಮಸಿ ತುಂಬಿದ ತಗಡಿನ ಮೇಲಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಿದಾಗ ತಗಡಿನ ಅಂಚು ಒತ್ತಿ ಮೂಡಿಸಿದ ಗುರುತು ಅದು. ಚಿತ್ರದ ಕೆಳಗೆ ಆ ಜಾಗದ ಒಡೆಯನಿಗೆ ಅರ್ಪಣೆ, ಅವನ ಮನೆತನದ ಲಾಂಛನ, ಕೋಟೆ ಯಾರಿಂದ ಯಾರ ಕೈಗೆ ಬಂತೆಂಬ ನಾಲ್ಕು ಸಾಲು, ಚಿತ್ರ ಬರೆದು ಕೊರೆದವರ ಹೆಸರು, ಇಸವಿ. ಬೆಳಕಿಗೆ ಹಿಡಿದರೆ ಕೈಯಿಂದ ಮಾಡಿದ ಕಾಗದದ ತಂತಿಗೆರೆಗಳು ಕಾಣುತ್ತವೆ. ಫೋಟೊ ತೆಗೆದು ಮುದ್ರಿಸಿದ ನಕಲಿನಲ್ಲಿ ಆ ತಗ್ಗು ಗೆರೆಯೂ ಈ ತಂತಿಗೆರೆಗಳೂ ಇರುವುದಿಲ್ಲ. ಭೂತಗನ್ನಡಿ ಹಿಡಿದರೆ ಗೆರೆಯ ಜಾಗದಲ್ಲಿ ಚುಕ್ಕೆಗಳ ಸಾಲು ಕಾಣುತ್ತದೆ.

ಹೀಗಿರುವಾಗ ಅಂಗಡಿಗಳಲ್ಲಿ ಈ ಹಾಳೆಗಳಿಗೆ ಆಗುವುದೇನು? ಚೌಕಟ್ಟಿಗೆ ಹೊಂದಲೆಂದು ಕೆಳಗಿನ ಬರಹವನ್ನು ಕತ್ತರಿಸುತ್ತಾರೆ, ಕಪ್ಪು-ಬಿಳುಪು ಸಪ್ಪೆಯೆಂದು ಜಲವರ್ಣ ಬಳಿಯುತ್ತಾರೆ. ಬಕ್ ಸಹೋದರರು ಹಾಳೆಗಳನ್ನು ಕೊಟ್ಟದ್ದು ಬಣ್ಣವಿಲ್ಲದೆ. ಕೊರೆದವನು ಬೆಳಕು ನೆರಳನ್ನು ಗೆರೆಯ ದಟ್ಟಣೆಯಲ್ಲೇ ಲೆಕ್ಕ ಹಾಕಿ ಇಟ್ಟಿರುತ್ತಾನೆ. ಮೇಲೆ ಬಣ್ಣ ಬಿದ್ದರೆ ಗೋಡೆಯ ಬಿರುಕು ಯಾವುದು, ಬಳ್ಳಿ ಯಾವುದು ಎಂದು ತಿಳಿಯದಾಗುತ್ತದೆ. ಹೊಸ ಸಂಗ್ರಾಹಕರು ನೋಡಬೇಕಾದ ಇನ್ನೊಂದು ವಿಷಯ ತಗಡಿನ ಸವೆತ. ತಾಮ್ರ ಮೆತ್ತಗಿನ ಲೋಹ. ಪ್ರತಿ ಅಚ್ಚಿಗೂ ಗೆರೆಯ ಆಳ ಇಷ್ಟಿಷ್ಟೇ ಕಡಿಮೆಯಾಗುತ್ತದೆ. ಬಕ್ ತಗಡುಗಳಿಂದಲೇ ಲಂಡನ್ನಿನ ರಾಬರ್ಟ್ ಸೇಯರ್ 1774ರಲ್ಲಿ ಮತ್ತೆ ಅಚ್ಚು ತೆಗೆಸಿದ. ಇಸವಿ ಒಂದೇ ಇದ್ದರೂ ಮೊದಲ ಹಾಳೆಯೂ ಕಡೆಯ ಹಾಳೆಯೂ ಒಂದೇ ಅಲ್ಲ. 1820ರ ದಶಕದಲ್ಲಿ ಉಕ್ಕಿನ ತಗಡು ಬಂದು ಸಾವಿರಾರು ಪ್ರತಿ ಸುಲಭವಾದಾಗಲೂ, ಇಂಗ್ಲೆಂಡ್ ಮತ್ತು ವೇಲ್ಸ್‌ನ ನೋಟಗಳ ತನ್ನ ಸರಣಿಗೆ ಕಲಾವಿದ ಟರ್ನರ್ ತಾಮ್ರವೇ ಬೇಕೆಂದು ಹಟ ಹಿಡಿದ. 1827ರಿಂದ 1838ರವರೆಗೆ 96 ಚಿತ್ರ ಬಂದು ಆ ಸರಣಿ ನಷ್ಟದಲ್ಲಿ ನಿಂತಾಗ, ಉಳಿದ ಪ್ರತಿಗಳನ್ನೂ ತಗಡುಗಳನ್ನೂ ಸ್ವತಃ ತಾನೇ ಕೊಂಡುಕೊಂಡ. ಸವೆದ ತಗಡಿನಿಂದ ಕಳಪೆ ಅಚ್ಚು ಹೊರಬರುವುದನ್ನು ಅವನು ಸಹಿಸುವವನಾಗಿರಲಿಲ್ಲ.

ಇವು ದಾಖಲೆ ಎನ್ನುವುದಕ್ಕೆ ಬಲವಾದ ಆಕ್ಷೇಪವೊಂದಿದೆ: ಚಿತ್ರಕಾರರು ಇದ್ದದ್ದನ್ನು ಇದ್ದಂತೆ ಬರೆಯಲಿಲ್ಲ. ಇದು ನಿಜ. 18ನೇ ಶತಮಾನದ ಕೊನೆಯ ಹೊತ್ತಿಗೆ ಪಾಳುಗೋಡೆಯ ಸೊಗಸೇ ಒಂದು ಶಾಸ್ತ್ರವಾಗಿತ್ತು. ಟಿಂಟರ್ನ್ ಮಠದ ಗೋಡೆಯ ತುದಿಗಳು ತೀರಾ ನೇರವಾಗಿವೆ, ಸುತ್ತಿಗೆಯಿಂದ ಹದವಾಗಿ ಒಡೆದರೆ ನೋಟ ಚೆನ್ನಾಗುತ್ತದೆ ಎಂದು ವಿಲಿಯಂ ಗಿಲ್ಪಿನ್ 1782ರ ಪುಸ್ತಕದಲ್ಲಿ ಬರೆದ. ಇಂಥ ಅಭಿರುಚಿಗೆ ದುಡಿದವರು ಬುರುಜನ್ನು ಎತ್ತರಿಸಿದ್ದಾರೆ, ಬೆಟ್ಟವನ್ನು ಕಡಿದಾಗಿಸಿದ್ದಾರೆ. ಆದರೆ ಒಬ್ಬ ಸಾಕ್ಷಿ ಉತ್ಪ್ರೇಕ್ಷಿಸಿದರೆ ನ್ಯಾಯಾಲಯ ಕದ ಮುಚ್ಚುವುದಿಲ್ಲ, ಇನ್ನೊಬ್ಬ ಸಾಕ್ಷಿಯನ್ನು ಕರೆಯುತ್ತದೆ. ಒಂದೇ ಕೋಟೆಯನ್ನು ಬಕ್ ಹೇಗೆ ಕಂಡರು, 1770ರ ದಶಕದಲ್ಲಿ ಫ್ರಾನ್ಸಿಸ್ ಗ್ರೋಸ್ ಹೇಗೆ ಕಂಡ, ಅರ್ಧ ಶತಮಾನದ ನಂತರ ಟರ್ನರ್ ಹೇಗೆ ಕಂಡ ಎಂದು ಪಕ್ಕಪಕ್ಕ ಇಟ್ಟರೆ, ಮೂರರಲ್ಲೂ ಇರುವ ಕಿಟಕಿಯನ್ನು ನಂಬಬಹುದು, ಒಂದರಲ್ಲಷ್ಟೇ ಇರುವ ಮೋಡವನ್ನು ಬಿಡಬಹುದು. ಆದ್ದರಿಂದ ಐವತ್ತು ಕೋಟೆಗಳ ಒಂದೊಂದು ಹಾಳೆಗಿಂತ ಒಂದು ಕೋಟೆಯ ಐದು ಹಾಳೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಂಥಾಲಯಗಳೇ ಇವನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿರುವಾಗ ಖಾಸಗಿ ಸಂಗ್ರಹ ಏಕೆ ಎಂಬ ಪ್ರಶ್ನೆಯೂ ಇದೆ. ಗ್ರಂಥಾಲಯದಲ್ಲಿ ಇರುವುದು ಸಾಮಾನ್ಯವಾಗಿ ಒಂದು ಪ್ರತಿ. ಸವೆತದ ಹಂತ, ತಿದ್ದಿದ ತಗಡು, ಬದಲಾದ ಪ್ರಕಾಶಕನ ಹೆಸರು ಗೊತ್ತಾಗುವುದು ಬೇರೆ ಬೇರೆ ಪ್ರತಿಗಳು ಎದುರಿಗಿದ್ದಾಗ. ಸಂಗ್ರಾಹಕರ ಮೇಲಿನ ಒಂದು ದೂರನ್ನು ಮಾತ್ರ ಅಲ್ಲಗಳೆಯಲಾರೆ. ಬಿಡಿ ಹಾಳೆಗೆ ಗಿರಾಕಿ ಇರುವುದರಿಂದಲೇ ಹಳೆಯ ಪುಸ್ತಕಗಳ ಬೆನ್ನು ಮುರಿದು ಹಾಳೆ ಬಿಡಿಸಿ ಮಾರುತ್ತಾರೆ. ಇಡಿಯಾಗಿ ಉಳಿದ ಸಂಪುಟದಿಂದ ಇಂದು ಕಿತ್ತ ಹಾಳೆಯನ್ನು ಯಾರೂ ಕೊಳ್ಳಬಾರದು. ಹಿಂದೆಯೇ ಬಿಡಿಯಾಗಿ ಅಲೆಯುತ್ತಿರುವ ಹಾಳೆಗಳೇ ಬೇಕಾದಷ್ಟಿವೆ.

ಇದೇ ಕಣ್ಣು ನಮ್ಮ ದುರ್ಗಗಳ ಮೇಲೂ ಬಿದ್ದಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದ ರಾಬರ್ಟ್ ಹೋಮ್, ಟಿಪ್ಪುವಿನ ಸೀಮೆಯ ನೋಟಗಳ ಪುಸ್ತಕವನ್ನು 1794ರಲ್ಲಿ ಲಂಡನ್ನಿನಲ್ಲಿ ಹೊರತಂದ. 1791ರ ಡಿಸೆಂಬರಿನಲ್ಲಿ ಕಂಪನಿ ಸೇನೆಯ ವಶವಾದ ಸಾವನದುರ್ಗ ಅದರಲ್ಲಿದೆ. ಗೆದ್ದವರ ಕಡೆಯಿಂದ ಕಂಡ ನೋಟವೆಂಬುದನ್ನು ಮರೆಯದೆ ಅದನ್ನು ಓದಬೇಕು. ಸಾವನದುರ್ಗದ ಬುಡದಲ್ಲಿ ನಿಂತು ಮೇಲೆ ಉಳಿದಿರುವ ಗೋಡೆಗಳನ್ನು ಆ ಹಾಳೆಯೊಂದಿಗೆ ಹೋಲಿಸುವ ಕೆಲಸಕ್ಕೆ ಸಸೆಕ್ಸ್‌ವರೆಗೆ ಹೋಗಬೇಕಾಗಿಲ್ಲ. ಮಾಗಡಿ ದಾರಿ ಹಿಡಿದರಾಯಿತು.